ಕನ್ನಡಕ ಬದಲಾಯಿಸಿದ್ದು ಸಾಕು, ಕಣ್ಣೊಳಗೆ ನೋಡಿ ಸ್ವಾಮಿ!

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿಂದ ಹೊರಗೆ ಬಂದು ಬಜಾರಿನ ಕಡೆ ಒಂದು ಸುತ್ತು ಹಾಕಿ. ಪಾನಿಪುರಿ ಗಾಡಿಗಳನ್ನ ದಾಟಿಕೊಂಡು ಹೋಗ್ತಾ ಕನ್ನಡಕದ ಅಂಗಡಿಗಳ ಬೋರ್ಡು ಓದಿ. ಹೆಚ್ಚು ಕಡಿಮೆ ಎಲ್ಲಾ ಕಡೆ ಒಂದೇ ಸಾಲು: "ಕಂಪ್ಯೂಟರ್ ಮೂಲಕ ಉಚಿತ ಕಣ್ಣಿನ ಪರೀಕ್ಷೆ". ರಾಬರ್ಟ್‌ಸನ್‌ಪೇಟೆಗೆ ಹೋದರೂ ಅದೇ, ಕೋಲಾರಕ್ಕೆ ಹೋದರೂ ಅದೇ.

ಈ ಬೋರ್ಡಿನ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಬರೀಬೇಕು ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕ್ತಾ ಇದ್ದೆ. ಇವತ್ತು ಬರೆದೇ ಬಿಡ್ತೀನಿ.

ನಾನು ಓದಿದ್ದು ಇಂಜಿನಿಯರಿಂಗು, ಮಾಡೋದು ಸಾಫ್ಟ್‌ವೇರ್ ಕೆಲಸ. ಡಾಕ್ಟರ್ ಅಲ್ಲ. ಆದರೆ "ಕಂಪ್ಯೂಟರ್ ಮೂಲಕ" ಅಂತ ಯಾರಾದರೂ ಅಂದರೆ, ಆ ಕಂಪ್ಯೂಟರ್ ಏನನ್ನ ಅಳೆಯುತ್ತೆ, ಏನನ್ನ ಅಳೆಯಲ್ಲ ಅಂತ ಕೇಳೋ ಅಷ್ಟು ಬುದ್ಧಿ ಈ ಕೆಲಸ ಕೊಟ್ಟಿದೆ. ಗದ್ದ ಇಟ್ಟು ಕೂರಿಸ್ತಾರಲ್ಲ, ದೂರದಲ್ಲಿ ಒಂದು ಮನೆ ಅಥವಾ ಬಲೂನಿನ ಚಿತ್ರ ಕಾಣುತ್ತಲ್ಲ, ಆ ಮೆಷಿನ್ ಹೆಸರು ಆಟೋರಿಫ್ರಾಕ್ಟರ್. ಅದು ಕಣ್ಣೊಳಗೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದ ಬೆಳಕು ಎಷ್ಟು ಬಾಗಿದೆ ಅಂತ ಲೆಕ್ಕ ಹಾಕಿ, ಒಂದು ಚೀಟಿ ಪ್ರಿಂಟ್ ಮಾಡುತ್ತೆ. ಪ್ಲಸ್ ಇಷ್ಟು, ಮೈನಸ್ ಇಷ್ಟು. ಅಷ್ಟೇ. ಕಣ್ಣಿನ ಹಿಂದಿನ ಗೋಡೆ ಹೇಗಿದೆ, ಅಲ್ಲಿ ರಕ್ತ ಸೋರಿದೆಯಾ, ನೀರು ತುಂಬಿದೆಯಾ, ಗಡ್ಡೆ ಇದೆಯಾ, ಅದಕ್ಕೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋಕೆ ಅದನ್ನ ಮಾಡೇ ಇಲ್ಲ.

ಅಂದಮೇಲೆ ಅದು ಕನ್ನಡಕದ ನಂಬರ್ ಪರೀಕ್ಷೆ. ಕಣ್ಣಿನ ಪರೀಕ್ಷೆ ಅನ್ನೋ ದೊಡ್ಡ ಹೆಸರು ಅದಕ್ಕೆ ಸಲ್ಲೋದಿಲ್ಲ. ಪದದಲ್ಲಿ ಏನಿದೆ ಬಿಡಯ್ಯಾ ಅಂತೀರಾ? ಈ ಒಂದು ಪದದಿಂದ ಜನ ಸಾಯ್ತಾ ಇದ್ದಾರೆ ಅಂತ ಹೇಳೋಕೇ ಈ ಬರಹ.

ಕಣ್ಣಲ್ಲಿ ಕಂಡಿದ್ದು, ಶ್ವಾಸಕೋಶದಲ್ಲಿ ಇದ್ದಿದ್ದು

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಇರುತ್ತೆ, ಕ್ಯಾಮೆರಾದ ಸೆನ್ಸರ್ ಇದ್ದ ಹಾಗೆ. ಅದರ ಹಿಂದೆ ಕೊರಾಯ್ಡ್ ಅಂತ ಇನ್ನೊಂದು ಪದರ. ತುಂಬಾ ತೆಳು, ಆದರೆ ರಕ್ತನಾಳಗಳು ಕಿಕ್ಕಿರಿದು ತುಂಬಿರುತ್ತವೆ. ದೇಹದಲ್ಲಿ ಬೇರೆಲ್ಲೋ ಇರೋ ಕ್ಯಾನ್ಸರ್‌ನಿಂದ ಕಳಚಿಕೊಂಡ ಕೋಶಗಳು ರಕ್ತದಲ್ಲಿ ತೇಲಿ ಬಂದು ಕಣ್ಣಲ್ಲಿ ಕೂತರೆ, ಹೆಚ್ಚಾಗಿ ಕೂರೋದು ಇಲ್ಲೇ. ಎರಡು ಕ್ಯಾನ್ಸರ್‌ಗಳಿಗೆ ಈ ಜಾಗದ ಮೇಲೆ ಬಹಳ ಪ್ರೀತಿ. ಹೆಂಗಸರಲ್ಲಿ ಸ್ತನದ ಕ್ಯಾನ್ಸರ್, ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್.

ಅಮೆರಿಕದ ಫಿಲಡೆಲ್ಫಿಯಾದ ವಿಲ್ಸ್ ಕಣ್ಣಿನ ಆಸ್ಪತ್ರೆಯವರು 1997ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಹೀಗೆ ಕಣ್ಣಿಗೆ ಕ್ಯಾನ್ಸರ್ ಹರಡಿದ್ದ 420 ರೋಗಿಗಳ ಲೆಕ್ಕ. ಅವರಲ್ಲಿ ನೂರಕ್ಕೆ 34 ಜನಕ್ಕೆ, ಕಣ್ಣಿನ ಡಾಕ್ಟರ್ ಹತ್ತಿರ ಬರೋ ದಿನದವರೆಗೂ, ತಮಗೆ ಕ್ಯಾನ್ಸರ್ ಇದೆ ಅಂತ ಗೊತ್ತೇ ಇರಲಿಲ್ಲ! ಕಣ್ಣು ಮಂಜಾಗಿದೆ ಅಂತ ಬಂದವರು. ಶ್ವಾಸಕೋಶದ ವಿಷಯದಲ್ಲಿ ಇದು ಇನ್ನೂ ಜಾಸ್ತಿ, ಯಾಕಂದ್ರೆ ಶ್ವಾಸಕೋಶದಲ್ಲಿ ಗಡ್ಡೆ ಎಷ್ಟೋ ದಿನ ನೋವಿಲ್ಲದೆ, ಸದ್ದಿಲ್ಲದೆ ಬೆಳೀಬಹುದು. ಕಣ್ಣಲ್ಲಿ ಒಂದೆರಡು ಮಿಲಿಮೀಟರ್ ಉಬ್ಬಿದರೂ ಸಾಕು, ಮನುಷ್ಯನಿಗೆ ತಕ್ಷಣ ಗೊತ್ತಾಗುತ್ತೆ.

ಈಗ ಇದರಲ್ಲಿರೋ ನಿಜವಾದ ಮೋಸ ಕೇಳಿ. ಇದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಕೊರಾಯ್ಡ್‌ನಲ್ಲಿ ಗಡ್ಡೆ ಬೆಳೆದಾಗ ಅದು ರೆಟಿನಾವನ್ನ ಮುಂದಕ್ಕೆ ತಳ್ಳುತ್ತೆ, ಕೆಳಗೆ ನೀರು ಸೇರುತ್ತೆ. ಅಂದರೆ ಲೆನ್ಸಿಗೂ ಸೆನ್ಸರಿಗೂ ನಡುವಿನ ದೂರ ಕಡಿಮೆ ಆಗುತ್ತೆ. ದೂರ ಕಡಿಮೆ ಆದರೆ ಕಣ್ಣಿನ ನಂಬರ್ ಪ್ಲಸ್ ಕಡೆ ಸರಿಯುತ್ತೆ. ಆಗ ಕನ್ನಡಕದ ಅಂಗಡಿಗೆ ಹೋದರೆ ಆ ಮೆಷಿನ್ ಸರಿಯಾಗೇ ಅಳೆಯುತ್ತೆ: "ಪ್ಲಸ್ ಜಾಸ್ತಿ ಆಗಿದೆ". ಹೊಸ ಗ್ಲಾಸ್ ಹಾಕಿಸ್ತಾರೆ. ಹೊಸ ಗ್ಲಾಸಿನಲ್ಲಿ ನಿಜವಾಗ್ಲೂ ಸ್ವಲ್ಪ ಚೆನ್ನಾಗಿ ಕಾಣುತ್ತೆ! ಗಿರಾಕಿ ಖುಷಿ, ಅಂಗಡಿಯವ ಖುಷಿ. ಗಡ್ಡೆ ಬೆಳೀತಾ ಇರುತ್ತೆ. ಎರಡು ಮೂರು ತಿಂಗಳಿಗೆ ಮತ್ತೆ ಮಂಜು, ಮತ್ತೆ ಹೊಸ ನಂಬರ್.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೋಲಿಕೆ ಇದೆ. ಸರ್ವರ್ ನಿಧಾನ ಆಗಿದೆ ಅಂದಾಗ ಯಾಕೆ ಅಂತ ನೋಡದೆ ದಿನಾ ರೀಸ್ಟಾರ್ಟ್ ಮಾಡೋದು. ಪ್ರತಿ ರೀಸ್ಟಾರ್ಟಿಗೂ ಒಂದೆರಡು ಗಂಟೆ ಚೆನ್ನಾಗಿ ಓಡುತ್ತೆ. ಅದರಿಂದಲೇ ಯಾರೂ ಲಾಗ್ ತೆಗೆದು ಓದಲ್ಲ. ಕೊನೆಗೆ ಒಂದು ದಿನ ಡಿಸ್ಕೇ ಹೋಗಿರುತ್ತೆ.

ನಮ್ಮ ದೊಡ್ಡಪ್ಪನ ಹನ್ನೊಂದು ತಿಂಗಳು

ನಮ್ಮ ದೊಡ್ಡಪ್ಪ ಕೆಜಿಎಫ್ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಮನೆಗೆ ಬಂದರು. ಆಮೇಲೆ ಒಂದಷ್ಟು ವರ್ಷ ಸಣ್ಣ ಅಂಗಡಿ, ಆಮೇಲೆ ಮೊಮ್ಮಕ್ಕಳು. ಕೆಮ್ಮು ಇತ್ತು. ಗಣಿಯವರಿಗೆ ಕೆಮ್ಮು ಇಲ್ಲದೆ ಇನ್ನೇನಿರುತ್ತೆ ಅಂತ ಅವರೂ ಅಂತಿದ್ದರು, ಊರೂ ಅಂತಿತ್ತು.

ಬಲಗಣ್ಣು ಮಂಜಾಯ್ತು. ಒಂದು ಅಂಗಡಿಗೆ ಹೋದರು, ಪ್ಲಸ್ ನಂಬರ್ ಏರಿತ್ತು, ಹೊಸ ಕನ್ನಡಕ ಬಂತು. ನಾಲ್ಕು ತಿಂಗಳಿಗೆ ಮತ್ತೆ ಮಂಜು. ಇನ್ನೊಂದು ಅಂಗಡಿ, ಮತ್ತೆ ನಂಬರ್ ಏರಿತ್ತು, ಇನ್ನೊಂದು ಕನ್ನಡಕ. ಆಮೇಲೆ ಒಂದು ಭಾನುವಾರ ಯಾವುದೋ ಉಚಿತ ಶಿಬಿರ. ಉದ್ದನೆಯ ಸಾಲು. ಟಾರ್ಚ್ ಬಿಟ್ಟು ನೋಡಿ, "ಪೊರೆ ಶುರುವಾಗಿದೆ ಯಜಮಾನ್ರೇ, ಇನ್ನೂ ಬಲಿತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ" ಅಂದರು. ಎಪ್ಪತ್ತರ ಹತ್ತಿರದವರಿಗೆ ಸ್ವಲ್ಪ ಪೊರೆ ಇದ್ದೇ ಇರುತ್ತೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಕಣ್ಣು ಮಂಜಾಗಿದ್ದು ಅದರಿಂದ ಅಲ್ಲ.

ಒಂದಿನ ದೊಡ್ಡಪ್ಪ ನನ್ನ ಹತ್ತಿರ, "ಏನೋ, ಈ ಬಾಗಿಲಿನ ಚೌಕಟ್ಟು ಬಲಗಣ್ಣಲ್ಲಿ ಸೊಟ್ಟಗೆ ಕಾಣುತ್ತಲ್ಲೋ" ಅಂದರು. ನೆಟ್ಟಗಿರೋ ಗೆರೆ ಸೊಟ್ಟ ಕಾಣೋದು ಪೊರೆಯ ಲಕ್ಷಣ ಅಲ್ಲ ಅಂತ ಎಲ್ಲೋ ಓದಿದ್ದೆ. ಬೆಂಗಳೂರಿಗೆ ಕರ್ಕೊಂಡು ಹೋದ್ವಿ. ಅಲ್ಲಿ ಹನಿ ಹಾಕಿ, ಮುಕ್ಕಾಲು ಗಂಟೆ ಕೂರಿಸಿ, ಪಾಪೆ ಅಗಲ ಆದಮೇಲೆ ಡಾಕ್ಟರಮ್ಮ ಒಳಗೆ ನೋಡಿದರು. ಎರಡೇ ನಿಮಿಷ. ಆಮೇಲೆ ಅವರು ಕೇಳಿದ್ದು ಕಣ್ಣಿನ ಬಗ್ಗೆ ಅಲ್ಲ. "ಕೆಮ್ಮು ಎಷ್ಟು ದಿನದಿಂದ ಇದೆ? ತೂಕ ಇಳಿದಿದೆಯಾ? ಏನು ಕೆಲಸ ಮಾಡ್ತಿದ್ರಿ?" ಎದೆಯ ಸಿ.ಟಿ. ಸ್ಕ್ಯಾನ್ ಆಯ್ತು. ಮಿಕ್ಕಿದ್ದು ನಿಮಗೆ ಗೊತ್ತಾಗಿರಬೇಕು.

ಮೊದಲ ಮಂಜಿಗೂ ಆ ಎರಡು ನಿಮಿಷಕ್ಕೂ ನಡುವೆ ಹನ್ನೊಂದು ತಿಂಗಳು. ಮಾತ್ರೆ ಮೇಲೆ ಒಂದು ವರ್ಷದ ಮೇಲೆ ಸ್ವಲ್ಪ ದಿನ ಇದ್ದರು. ಮಾತ್ರೆಗೆ ಕಣ್ಣಿನ ಗಡ್ಡೆಯೂ ಕರಗಿ, ದೃಷ್ಟಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂದಿತ್ತು. ಹನ್ನೊಂದು ತಿಂಗಳು ಮುಂಚೆ ಮಾತ್ರೆ ಶುರು ಮಾಡಿದ್ದರೆ ಏನಾಗ್ತಿತ್ತು? ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆದರೆ ಆ ಹನ್ನೊಂದು ತಿಂಗಳು ಅವರದಾಗಿತ್ತು, ಅದನ್ನ ಎರಡು ಕನ್ನಡಕ ಮತ್ತು ಒಂದು ಟಾರ್ಚ್ ತಿಂದು ಹಾಕಿದವು.

ಇಲ್ಲಿ ಕೆಟ್ಟವರು ಯಾರೂ ಇಲ್ಲ ನೋಡಿ. ಅಂಗಡಿಯವ ಕೊಟ್ಟ ನಂಬರ್ ಸರಿ. ಶಿಬಿರದವರು ಹೇಳಿದ ಪೊರೆ ಸರಿ. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗೇ ಮಾಡಿದರು, ಮನುಷ್ಯ ಮಾತ್ರ ಉಳೀಲಿಲ್ಲ. ಇಂಥ ವ್ಯವಸ್ಥೆಯ ಮೇಲೆ ನನಗೆ ಸಿಟ್ಟು.

ಚಿನ್ನದ ಊರಿನಲ್ಲಿ ಈ ಮಾತು ಯಾಕೆ ಹೆಚ್ಚು ಮುಖ್ಯ

ಇದು ಕೆಜಿಎಫ್, ಬಂಗಾರಪೇಟೆ ಕಡೆಯವರು ಕಿವಿಗೊಟ್ಟು ಕೇಳಬೇಕಾದ ವಿಷಯ. ಭಾರತದಲ್ಲಿ ಸಿಲಿಕೋಸಿಸ್ ಕಾಯಿಲೆ ಮೊದಲು ವರದಿಯಾಗಿದ್ದೇ ಕೋಲಾರ ಚಿನ್ನದ ಗಣಿಯಿಂದ, 1947ರಲ್ಲಿ. ಅದಕ್ಕೆ ಮುಂಚೆ, 1940ರ ದಶಕದ ಮೊದಲರ್ಧದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನ ಪರೀಕ್ಷೆ ಮಾಡಿದ್ದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು.

ಆ ಧೂಳು, ಅಂದರೆ ಹರಳು ರೂಪದ ಸಿಲಿಕಾ, ಮನುಷ್ಯನಿಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಮೊದಲನೇ ಗುಂಪಿಗೆ ಸೇರಿಸಿತು. ಮೊದಲನೇ ಗುಂಪು ಅಂದರೆ "ಇರಬಹುದು" ಅಲ್ಲ, "ಖಂಡಿತ". ಬೀಡಿ ಸಿಗರೇಟು ಇರೋದೂ ಅದೇ ಗುಂಪಿನಲ್ಲಿ. ಧೂಳು ಕುಡಿದ ಎದೆಯ ಮೇಲೆ ಬೀಡಿಯೂ ಸೇರಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತೊಡಕಿದೆ. ಸಿಲಿಕಾ ಕೂತ ಎದೆಗೆ ಟಿ.ಬಿ. ಬೇಗ ಬರುತ್ತೆ. ಹಾಗಾಗಿ ಹಳೇ ಗಣಿ ಕಾರ್ಮಿಕನ ಎಕ್ಸ್‌ರೇನಲ್ಲಿ ನೆರಳು ಕಂಡರೆ "ಗಣಿ ಧೂಳು" ಅಂತಾರೆ, ಇಲ್ಲಾ "ಹಳೇ ಟಿ.ಬಿ. ಕಲೆ" ಅಂತಾರೆ. ಹೊಸ ಗಡ್ಡೆ ಆ ನೆರಳುಗಳ ಮಧ್ಯೆ ಆರಾಮಾಗಿ ಅಡಗಿ ಕೂರಬಹುದು. ಅಂಥವರಿಗೆ ಒಂದು ಕಣ್ಣು ಮಂಜಾಗೋದು ದೇಹ ಕೊಡೋ ಮೊದಲ ಪ್ರಾಮಾಣಿಕ ಸುಳಿವಾಗಿರಬಹುದು. ಅದನ್ನ ನಾವು ಹೊಸ ಫ್ರೇಮ್ ಹಾಕಿ ಮುಚ್ಚಿ ಕಳಿಸ್ತೀವಿ.

ನಮ್ಮೂರಿನ ವಿಚಿತ್ರ ನೋಡಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳೆದು ತಂದ ಜಾಗ ಇದು. 1965ರಲ್ಲಿ ಇದೇ ಗಣಿಯ ಆಳದಲ್ಲಿ ಕೂತು ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಭೂಮಿಯನ್ನೇ ತೂರಿ ಹೋಗೋ ಕಣ! ಅದನ್ನ ಹಿಡಿಯೋಕೆ ಆಯ್ತು. ಅದೇ ಗಣಿಯಲ್ಲಿ ದುಡಿದವನ ಕಣ್ಣೊಳಗೆ ಎರಡು ನಿಮಿಷ ನೋಡೋಕೆ ಆಗಲಿಲ್ಲ. ಒಳಗೆ ನೋಡೋ ಉಪಕರಣವನ್ನ ಹೆಲ್ಮ್‌ಹೋಲ್ಟ್ಸ್ ಅನ್ನೋ ಜರ್ಮನ್ ವಿಜ್ಞಾನಿ ಮಾಡಿದ್ದು 1851ರಲ್ಲಿ. ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಕಾಲಿಟ್ಟಿದ್ದೇ ಅದಾದ ಸುಮಾರು ಮೂವತ್ತು ವರ್ಷಕ್ಕೆ. ಅಂದರೆ ತಂತ್ರಜ್ಞಾನ ಇರಲಿಲ್ಲ ಅನ್ನೋ ನೆಪ ನಮಗಿಲ್ಲ.

ಕ್ಯಾನ್ಸರ್ ಕಣ್ಣಿಗೆ ಹರಡದೇನೂ ಕಣ್ಣು ಕೆಡಬಹುದು, ಅದನ್ನೂ ಒಂದು ಮಾತಲ್ಲಿ ಹೇಳಿಬಿಡ್ತೀನಿ. ಶ್ವಾಸಕೋಶದ ಒಂದು ಜಾತಿಯ ಕ್ಯಾನ್ಸರ್ ವಿರುದ್ಧ ದೇಹ ತಯಾರು ಮಾಡೋ ಪ್ರತಿಕಾಯಗಳು ದಾರಿ ತಪ್ಪಿ ರೆಟಿನಾದ ಮೇಲೆ ಬೀಳ್ತವೆ. ಗಡ್ಡೆ ಎದೆಯಲ್ಲಿ, ಕುರುಡು ಕಣ್ಣಲ್ಲಿ. ಮುಸ್ಸಂಜೆ ಕಾಣಿಸಲ್ಲ, ಕಣ್ಣ ಮುಂದೆ ಮಿಣುಕು, ವಾರಗಳಲ್ಲಿ ದೃಷ್ಟಿ ಇಳಿಯುತ್ತೆ. ಬಹಳಷ್ಟು ಸಲ ಕ್ಯಾನ್ಸರ್ ಪತ್ತೆ ಆಗೋಕೆ ಮುಂಚೆಯೇ ಹೀಗಾಗುತ್ತೆ. ಇದನ್ನ ಮೊದಲ ಸಲ ವಿವರಿಸಿ ಬರೆದಿದ್ದು 1976ರಲ್ಲಿ. ಅಪರೂಪದ ಕಾಯಿಲೆ, ಒಪ್ಪಿದೆ. ಅಪರೂಪ ಅನ್ನೋದು ನೋಡದೇ ಇರೋಕೆ ಕಾರಣ ಆಗಬಾರದು.

ಮಕ್ಕಳ ಕಣ್ಣಲ್ಲಿ ಬಿಳಿ ಹೊಳಪು

ದೊಡ್ಡವರದ್ದಾಯ್ತು, ಮಕ್ಕಳ ವಿಷಯ ಇನ್ನೂ ಹೊಟ್ಟೆ ಉರಿಸುತ್ತೆ. ಯಾಕಂದ್ರೆ ಅಲ್ಲಿ ಬೇಗ ಗೊತ್ತಾದರೆ ಮಗು ಉಳಿಯುತ್ತೆ, ಸಂಶಯವೇ ಇಲ್ಲ.

ರೆಟಿನೋಬ್ಲಾಸ್ಟೋಮಾ ಅಂತ ಚಿಕ್ಕ ಮಕ್ಕಳ ಕಣ್ಣಿನ ಕ್ಯಾನ್ಸರ್. ಹೆಚ್ಚಾಗಿ ಐದು ವರ್ಷದ ಒಳಗಿನ ಮಕ್ಕಳಿಗೆ ಬರೋದು. ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಂದು ಮಗುವಿಗೆ ಬರುತ್ತೆ. ಜನಸಂಖ್ಯೆ ದೊಡ್ಡದಾದ್ದರಿಂದ ಪ್ರಪಂಚದಲ್ಲೇ ಅತಿ ಹೆಚ್ಚು ಮಕ್ಕಳು ಭಾರತದವರು. ಒಂದು ವರ್ಷದ ಕೂಸು "ನಂಗೆ ಕಾಣಿಸ್ತಿಲ್ಲ" ಅಂತ ಹೇಳಲ್ಲ. ಅದರ ಕಣ್ಣೇ ಹೇಳುತ್ತೆ. ಪಾಪೆಯೊಳಗೆ ಬೆಕ್ಕಿನ ಕಣ್ಣಿನ ಹಾಗೆ ಬಿಳಿ ಹೊಳಪು, ಇಲ್ಲಾ ಒಂದು ಕಣ್ಣು ವಾರೆ. ನಮ್ಮಲ್ಲಿ ಮೊದಲನೆಯದಕ್ಕೆ ದೃಷ್ಟಿ ತೆಗೀತಾರೆ, ಎರಡನೆಯದಕ್ಕೆ "ಮೆಳ್ಳೆಗಣ್ಣು ಅದೃಷ್ಟ ಕಣ್ರೀ" ಅಂತಾರೆ. ಅದೃಷ್ಟವಂತೆ!

2017ರಲ್ಲಿ ಪತ್ತೆಯಾದ 4,351 ಮಕ್ಕಳ ಲೆಕ್ಕವನ್ನ 153 ದೇಶಗಳಿಂದ ಸೇರಿಸಿ 2020ರಲ್ಲಿ ಪ್ರಕಟಿಸಿದರು. ಶ್ರೀಮಂತ ದೇಶಗಳಲ್ಲಿ ಪತ್ತೆಯಾಗೋ ನಡುವಯಸ್ಸು 14.1 ತಿಂಗಳು. ಬಡ ದೇಶಗಳಲ್ಲಿ 30.5 ತಿಂಗಳು. ಪತ್ತೆಯಾದಾಗಲೇ ಕಾಯಿಲೆ ಕಣ್ಣಿಂದ ಆಚೆ ಬಂದಿದ್ದ ಮಕ್ಕಳು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 1.5, ಬಡ ದೇಶಗಳಲ್ಲಿ ನೂರಕ್ಕೆ 49.1. ಎರಡೂ ಕಡೆ ಒಂದೇ ಕಾಯಿಲೆ, ಒಂದೇ ಗಡ್ಡೆ. ವ್ಯತ್ಯಾಸ ಇರೋದು ಯಾರು ಯಾವಾಗ ನೋಡಿದರು ಅನ್ನೋದರಲ್ಲಿ.

ನನ್ನ ಕೆಲಸದವರಿಗೆ ಇಷ್ಟ ಆಗೋ ಒಂದು ವಿಷಯ ಇಲ್ಲಿದೆ. ಅಮೆರಿಕದ ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ಶಾ ಅಂತ ಕೆಮಿಸ್ಟ್ರಿ ಪ್ರೊಫೆಸರ್. ಅವರ ಮಗನಿಗೇ ಈ ಕಾಯಿಲೆ ಬಂತು. ಆಮೇಲೆ ಮನೆಯ ಹಳೇ ಫೋಟೋಗಳನ್ನ ತೆಗೆದು ನೋಡಿದರೆ, ಮಗುವಿಗೆ ಹನ್ನೆರಡು ದಿನ ಇದ್ದಾಗಿನ ಫೋಟೋದಲ್ಲೇ ಬಿಳಿ ಹೊಳಪು! ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್‌ನ ಗ್ರೆಗ್ ಹ್ಯಾಮರ್ಲಿ ಜೊತೆ ಸೇರಿ, ಫೋನಿನ ಫೋಟೋಗಳಲ್ಲಿ ಬಿಳಿ ಹೊಳಪು ಹುಡುಕೋ ತಂತ್ರಾಂಶ ಮಾಡಿದರು. 2019ರ ಅವರ ಪ್ರಬಂಧದಲ್ಲಿ 40 ಮಕ್ಕಳ ಐವತ್ತು ಸಾವಿರಕ್ಕೂ ಹೆಚ್ಚು ಫೋಟೋ ಪರೀಕ್ಷೆ ಮಾಡಿದ್ದಾರೆ. ಕಣ್ಣಿನ ಕಾಯಿಲೆ ಇದ್ದ ಮಕ್ಕಳಲ್ಲಿ ನೂರಕ್ಕೆ 80 ಮಕ್ಕಳ ಫೋಟೋದಲ್ಲಿ, ಡಾಕ್ಟರ್ ಪತ್ತೆ ಮಾಡೋಕೆ ಸರಾಸರಿ 1.3 ವರ್ಷ ಮುಂಚೆಯೇ ಆ ಹೊಳಪು ಇತ್ತು. ಅಂದರೆ ಸಾಕ್ಷಿ ಅಪ್ಪ ಅಮ್ಮನ ಫೋನಿನಲ್ಲೇ ಬಿದ್ದಿತ್ತು, ಅದನ್ನ ಹೇಗೆ ಓದಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

"ಇಷ್ಟು ಸಾವಿರ ಜನ ಪ್ರಯೋಜನ ಪಡೆದರು"

ಈಗ ಶಿಬಿರಗಳ ವಿಷಯಕ್ಕೆ ಬರೋಣ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 1976ರಲ್ಲಿ. ಅದರ ದೊಡ್ಡ ಗುರಿ ಪೊರೆ. ಅದು ನ್ಯಾಯವೇ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಐವತ್ತು ದಾಟಿದವರ ಕುರುಡಿಗೆ ನೂರಕ್ಕೆ 66.2ರಷ್ಟು ಕಾರಣ ಪೊರೆಯೇ. ಪೊರೆ ಆಪರೇಷನ್ ಮಾಡಿ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟ ಡಾಕ್ಟರುಗಳಿಗೆ ನನ್ನ ನಮಸ್ಕಾರ. ಮನೆ ಬಾಗಿಲಿಗೇ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡೋ ನಮ್ಮ ರಾಜ್ಯದ ಆಶಾಕಿರಣ ಯೋಜನೆಯೂ ಒಳ್ಳೆಯದೇ.

ಆದರೆ ನೀವು ಯಾವುದನ್ನ ಎಣಿಸ್ತೀರೋ ಅದೇ ಬೆಳೆಯುತ್ತೆ. ಶಿಬಿರದ ಮಾರನೇ ದಿನದ ಪೇಪರ್ ನೋಡಿ: ಇಷ್ಟು ಜನರ ತಪಾಸಣೆ, ಇಷ್ಟು ಕನ್ನಡಕ ವಿತರಣೆ, ಇಷ್ಟು ಜನ ಆಪರೇಷನ್‌ಗೆ ಆಯ್ಕೆ. ವೇದಿಕೆ ಮೇಲೆ ಶಾಸಕರು, ಹಾರ, ಫೋಟೋ. "ಇಷ್ಟು ಜನಕ್ಕೆ ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿದ್ವಿ" ಅಂತ ಒಂದು ಸಾಲು ನಾನಂತೂ ಓದಿಲ್ಲ. ಕನ್ನಡಕವೂ ಬೇಡ, ಪೊರೆಯೂ ಅಲ್ಲ, ಆದರೂ ಕಣ್ಣು ಕಾಣಲ್ಲ ಅನ್ನೋ ಮನುಷ್ಯ ಆ ಲೆಕ್ಕದ ಯಾವ ಖಾನೆಗೂ ಸೇರಲ್ಲ. ಅವನನ್ನ "ಆರು ತಿಂಗಳು ಬಿಟ್ಟು ಬನ್ನಿ" ಅಂತ ಕಳಿಸ್ತಾರೆ. ನಿಜ ಹೇಳಬೇಕಂದ್ರೆ ಅವತ್ತು ಅಷ್ಟೂ ಜನರಲ್ಲಿ ಡಾಕ್ಟರನ್ನ ಅತಿ ಅರ್ಜೆಂಟಾಗಿ ನೋಡಬೇಕಾದವನು ಅವನೇ.

ಅಂಗಡಿಗಳ ಕಥೆಯೂ ಅಷ್ಟೇ. ಆಪ್ಟೋಮೆಟ್ರಿ ಓದಿದವರನ್ನ ನೋಂದಾಯಿಸೋ ಕೇಂದ್ರ ಕಾಯ್ದೆ ನಮ್ಮ ದೇಶಕ್ಕೆ ಬಂದಿದ್ದೇ 2021ರಲ್ಲಿ. ಚೆನ್ನಾಗಿ ಓದಿರೋ ಆಪ್ಟೋಮೆಟ್ರಿಸ್ಟ್ ಅನುಮಾನ ಬಂದರೆ ಡಾಕ್ಟರ್ ಹತ್ತಿರ ಕಳಿಸ್ತಾರೆ. ಆದರೆ ಬೋರ್ಡ್ ಮಾತ್ರ ಓದಿದವರ ಅಂಗಡಿಗೂ ಒಂದೇ, ಮೂರು ತಿಂಗಳು ಮೆಷಿನ್ ಒತ್ತಿ ಕಲಿತವರ ಅಂಗಡಿಗೂ ಒಂದೇ. ಗಿರಾಕಿಗೆ ಹೇಗೆ ಗೊತ್ತಾಗಬೇಕು?

ನೀವು ಕೇಳಬಹುದಾದ ಪ್ರಶ್ನೆಗಳು

"ಎಲ್ಲರಿಗೂ ಕ್ಯಾನ್ಸರ್ ಅಂತ ಹೆದರಿಸ್ತಿದೀಯಲ್ಲಪ್ಪಾ?" ಇಲ್ಲ. ಕಣ್ಣು ಮಂಜಾದವರಲ್ಲಿ ಬಹುಪಾಲು ಜನಕ್ಕೆ ಕ್ಯಾನ್ಸರ್ ಇರಲ್ಲ. ಆದರೆ ಹನಿ ಹಾಕಿ ಒಳಗೆ ನೋಡೋ ಆ ಒಂದೇ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯಿಂದ ಕೆಟ್ಟ ರೆಟಿನಾ, ಕಿತ್ತು ಬಂದಿರೋ ರೆಟಿನಾ, ಗ್ಲಾಕೋಮಾದಿಂದ ಸವೆದ ನರ, ಇವೂ ಸಿಗುತ್ತವೆ. ನಮ್ಮ ಕಡೆ ಸಕ್ಕರೆ ಕಾಯಿಲೆ ಇಲ್ಲದ ಮನೆ ಯಾವುದಿದೆ ಹೇಳಿ?

"ಗೊತ್ತಾಗಿ ಏನು ಮಾಡೋದು, ಹೇಗೂ ಕೊನೇ ಹಂತ ಅಲ್ವಾ?" ಈ ಮಾತು ಹಳೇದಾಯ್ತು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇ.ಜಿ.ಎಫ್.ಆರ್. ಅನ್ನೋ ಜೀನ್ ಬದಲಾಗಿದ್ದರೆ, ಅದು ಏಷ್ಯಾದವರಲ್ಲಿ ಹೆಚ್ಚು, ಮಾತ್ರೆಯಲ್ಲೇ ಗಡ್ಡೆ ಇಳಿಯುತ್ತೆ, ಕಣ್ಣಿನದ್ದೂ ಸೇರಿ. ಸ್ತನದ ಕ್ಯಾನ್ಸರ್‌ನಲ್ಲಿ ಎಷ್ಟೋ ಜನ ಹಾರ್ಮೋನ್ ಮಾತ್ರೆ ಮೇಲೆ ವರ್ಷಗಟ್ಟಲೆ ಇರ್ತಾರೆ. ಮಕ್ಕಳ ರೆಟಿನೋಬ್ಲಾಸ್ಟೋಮಾ ಬೇಗ ಸಿಕ್ಕರೆ ಶ್ರೀಮಂತ ದೇಶಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಕ್ಕಳು ಬದುಕ್ತಾರೆ.

"ಹನಿ ಹಾಕಿಸಿಕೊಂಡರೆ ಒಂದು ದಿನ ಹಾಳು." ಇದು ನ್ಯಾಯವಾದ ದೂರು. ನಾಲ್ಕೈದು ಗಂಟೆ ಮಂಜು, ಬಿಸಿಲು ಚುಚ್ಚುತ್ತೆ, ಗಾಡಿ ಓಡಿಸೋ ಹಾಗಿಲ್ಲ, ಜೊತೆಗೆ ಇನ್ನೊಬ್ಬರು ಬೇಕು. ಬೆಳಗ್ಗೆ ಟ್ರೈನಿಗೆ ವೈಟ್‌ಫೀಲ್ಡ್ ಕಡೆ ಕೂಲಿಗೆ ಹೋಗೋ ಮನುಷ್ಯನಿಗೆ ಅದು ಎರಡು ಜನದ ಸಂಬಳ. ಅದಕ್ಕೇ ಈ ಪರೀಕ್ಷೆ ಬೆಂಗಳೂರಲ್ಲಿ ಇದ್ದರೆ ಸಾಲದು, ಬಂಗಾರಪೇಟೆಯಲ್ಲಿ ಇರಬೇಕು ಅಂತ ನಾನು ಜಗಳ ಆಡೋದು.

"ಊರೂರಿಗೆ ರೆಟಿನಾ ಡಾಕ್ಟರ್ ಎಲ್ಲಿಂದ ತರ್ತೀಯಾ?" ತರೋದು ಬೇಡ ಸ್ವಾಮಿ, ಫೋಟೋ ಕಳಿಸಿದರೆ ಸಾಕು. ಇದನ್ನ ನಮ್ಮ ಕರ್ನಾಟಕವೇ ಮಾಡಿ ತೋರಿಸಿದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ರೆಟಿನಾ ಉಳಿಸೋಕೆ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಅನ್ನೋ ಯೋಜನೆ ಶುರು ಮಾಡಿತು. ಆಮೇಲೆ ಸರ್ಕಾರವೂ ಕೈಜೋಡಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗ್ತಾರೆ, ಕೂಸಿನ ಕಣ್ಣಿನೊಳಗಿನ ಚಿತ್ರ ತೆಗೀತಾರೆ, ಬೆಂಗಳೂರಲ್ಲಿ ಕೂತ ಡಾಕ್ಟರ್ ಇಂಟರ್‌ನೆಟ್‌ನಲ್ಲಿ ನೋಡಿ ತೀರ್ಮಾನ ಹೇಳ್ತಾರೆ. ಒಂದೂವರೆ ಕೆ.ಜಿ. ತೂಕದ ಕೂಸಿಗೆ ಸಾಧ್ಯ ಆಗಿದ್ದು ಎಪ್ಪತ್ತು ವರ್ಷದ ಗಣಿ ಕಾರ್ಮಿಕನಿಗೆ ಯಾಕೆ ಸಾಧ್ಯ ಆಗಲ್ಲ?

ಆಗಬೇಕಾಗಿದ್ದು ಇಷ್ಟೇ

ಒಂದು, ಆ ಬೋರ್ಡುಗಳು ಬದಲಾಗಬೇಕು. "ಉಚಿತ ಕನ್ನಡಕದ ನಂಬರ್ ಪರೀಕ್ಷೆ" ಅಂತ ಬರೀಲಿ, ಯಾರ ಅಭ್ಯಂತರವೂ ಇಲ್ಲ. ಒಂದು ಕಣ್ಣಿನ ನಂಬರ್ ಮಾತ್ರ ಕೆಲವೇ ತಿಂಗಳಲ್ಲಿ ಜಿಗಿದಿದ್ದರೆ, ಇಲ್ಲಾ ಗ್ಲಾಸ್ ಹಾಕಿದರೂ ಕೊನೇ ಸಾಲು ಕಾಣದಿದ್ದರೆ, ಕನ್ನಡಕ ಮಾರೋ ಮುಂಚೆ ಡಾಕ್ಟರಿಗೆ ಒಂದು ಚೀಟಿ ಬರೆದು ಕೊಡಲಿ.

ಎರಡು, ಪ್ರತಿ ಶಿಬಿರವೂ ಹಿಂಭಾಗ ನೋಡಿದ ಕಣ್ಣುಗಳ ಲೆಕ್ಕ ಕೊಡಲಿ. ದೃಷ್ಟಿ ಕಮ್ಮಿ ಆಗಿ ಕಾರಣ ಸಿಗದವರ ಪಟ್ಟಿ ಬೇರೆ ಇರಲಿ, ಅವರು ಮುಂದೆ ಎಲ್ಲಿಗೆ ಹೋದರು ಅಂತ ಯಾರಾದರೂ ಫೋನ್ ಮಾಡಿ ಕೇಳಲಿ.

ಮೂರು, ಬಂಗಾರಪೇಟೆ ಮತ್ತು ಕೆಜಿಎಫ್ ಸರ್ಕಾರಿ ಆಸ್ಪತ್ರೆಗಳಲ್ಲಿ ರೆಟಿನಾ ಫೋಟೋ ತೆಗೆದು ಬೆಂಗಳೂರಿಗೆ ಕಳಿಸೋ ಏರ್ಪಾಡು ಖಾಯಂ ಆಗಿರಲಿ. ಹಳೇ ಗಣಿ ಕಾರ್ಮಿಕರಿಗೆ ವರ್ಷಕ್ಕೊಂದು ಸಲ ಎದೆ ಪರೀಕ್ಷೆ ಜೊತೆಗೆ ಕಣ್ಣಿನ ಪರೀಕ್ಷೆ. ಈ ದೇಶಕ್ಕೆ ಚಿನ್ನ ಅಗೆದು ಕೊಟ್ಟವರು ಅವರು, ಭಿಕ್ಷೆ ಕೇಳ್ತಾ ಇಲ್ಲ.

ನಾಲ್ಕು, ಮಕ್ಕಳಿಗೆ ಲಸಿಕೆ ಹಾಕೋ ದಿನ ಟಾರ್ಚಿನಂಥ ಸಣ್ಣ ಉಪಕರಣದಲ್ಲಿ ಎರಡೂ ಪಾಪೆಯ ಕೆಂಪು ಹೊಳಪು ನೋಡೋದು ಒಂದು ನಿಮಿಷದ ಕೆಲಸ. ಬ್ರಿಟನ್ನಿನಲ್ಲಿ ಹುಟ್ಟಿದ ಮೂರು ದಿನದೊಳಗೆ ಒಮ್ಮೆ, ಆರರಿಂದ ಎಂಟು ವಾರಕ್ಕೆ ಇನ್ನೊಮ್ಮೆ ನೋಡ್ತಾರೆ. ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಹುಟ್ಟು ಪೊರೆಯೂ ಅದರ ಪಟ್ಟಿಯಲ್ಲಿದೆ. ಹುಟ್ಟು ಪೊರೆ ಹುಡುಕೋ ಅದೇ ಬೆಳಕಿನಲ್ಲಿ ಈ ಗಡ್ಡೆಯೂ ಕಾಣುತ್ತೆ. ತಾಯಿ ಕಾರ್ಡಿನಲ್ಲಿ ಇದಕ್ಕೆ ಅಂತ ಒಂದು ಖಾನೆ ಇರಲಿ: ಯಾವ ದಿನ ನೋಡಿದ್ದು, ಯಾರು ನೋಡಿದ್ದು, ಎರಡೂ ಕಣ್ಣು ಸರಿ ಇದೆಯಾ. ಸಹಿ ಹಾಕಬೇಕು ಅಂದಾಗ ಜನ ನಿಜವಾಗ್ಲೂ ನೋಡ್ತಾರೆ.

ಇದೆಲ್ಲಾ ಸರ್ಕಾರ ಮಾಡೋವರೆಗೂ ಕಾಯಬೇಡಿ. ಇವತ್ತು ರಾತ್ರಿ ಊಟ ಆದಮೇಲೆ ಮನೇಲಿ ಎಲ್ಲರನ್ನೂ ಗೋಡೆ ಕ್ಯಾಲೆಂಡರ್ ಮುಂದೆ ನಿಲ್ಲಿಸಿ. ಕನ್ನಡಕ ಇದ್ದವರು ಹಾಕಿಕೊಂಡೇ ನಿಲ್ಲಲಿ. ಒಂದು ಕಣ್ಣು ಮುಚ್ಚಿ ನೋಡಲಿ, ಆಮೇಲೆ ಇನ್ನೊಂದು. ಎರಡೂ ಕಣ್ಣು ಬಿಟ್ಟಾಗ ಒಳ್ಳೆ ಕಣ್ಣು ಕೆಟ್ಟ ಕಣ್ಣನ್ನ ಮುಚ್ಚಿ ಹಾಕುತ್ತೆ, ಅದಕ್ಕೆ ಬೇರೆ ಬೇರೆಯಾಗಿ ನೋಡಬೇಕು. ತಾರೀಖಿನ ಚೌಕಗಳ ಗೆರೆ ಸೊಟ್ಟಗೆ ಕಂಡರೆ, ನಡುವೆ ಕಪ್ಪು ಮಚ್ಚೆ ಕಂಡರೆ, ಒಂದು ಕಡೆ ಪರದೆ ಬಿದ್ದ ಹಾಗಿದ್ದರೆ, ಅಂಗಡಿಗೆ ಹೋಗಬೇಡಿ. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, "ಹನಿ ಹಾಕಿ ಒಳಗೆ ನೋಡಿ" ಅಂತ ಬಾಯಿ ಬಿಟ್ಟು ಕೇಳಿ. ಕೆಮ್ಮು, ತೂಕ ಇಳಿದಿದ್ದು, ಎದೆಯಲ್ಲಿ ಗಂಟು, ಗಣಿ ಕೆಲಸ, ಬೀಡಿ ಅಭ್ಯಾಸ ಏನಿದ್ದರೂ ಅವರು ಕೇಳದಿದ್ದರೂ ನೀವೇ ಹೇಳಿ.

ಚಿಕ್ಕ ಮಕ್ಕಳಿದ್ದರೆ ಫೋನಿನಲ್ಲಿ ರೆಡ್ ಐ ತೆಗೆಯೋ ಸೆಟ್ಟಿಂಗ್ ಆಫ್ ಮಾಡಿ, ಫ್ಲಾಶ್ ಹಾಕಿ, ಮಗು ನೇರ ನೋಡ್ತಿರುವಾಗ ಫೋಟೋ ತೆಗೀರಿ. ಎರಡೂ ಕಣ್ಣು ಕೆಂಪಾಗಿದ್ದರೆ ಸಂತೋಷ. ಒಂದು ಬಿಳಿಯಾಗಿದ್ದರೆ ಗಾಬರಿ ಬೇಡ, ಕೆಲವು ಸಲ ಕೋನದಿಂದಲೂ ಹಾಗೆ ಬರುತ್ತೆ. ಆದರೆ ಅದೇ ವಾರ ತೋರಿಸಿ. ಫೋಟೋ ಚೆನ್ನಾಗಿ ಬಂದಿದೆ ಅಂತ ಅನುಮಾನ ಬಿಡಬೇಡಿ, ಮೆಳ್ಳೆಗಣ್ಣು ಇದ್ದರಂತೂ ತೋರಿಸಲೇಬೇಕು. ಮನೆಯಲ್ಲಿ ಮೊದಲೇ ಒಂದು ಮಗುವಿಗೆ ಈ ಕಾಯಿಲೆ ಬಂದಿದ್ದರೆ ಅದರ ತಮ್ಮ ತಂಗಿಯರನ್ನ ಹುಟ್ಟಿದ ಕೂಡಲೇ ತೋರಿಸಬೇಕು, ಇದು ವಂಶದಲ್ಲೂ ಬರುತ್ತೆ.

ದುಡ್ಡಿನ ಚಿಂತೆ ಇರೋರಿಗೆ: ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ಮಿಂಟೋ ಆಸ್ಪತ್ರೆ ಇದೆ, 1896ರಿಂದ ಇರೋ ಸರ್ಕಾರಿ ಕಣ್ಣಾಸ್ಪತ್ರೆ. ಕ್ಯಾನ್ಸರ್‌ಗೆ 1973ರಿಂದ ಕಿದ್ವಾಯಿ ಇದೆ. ಬಂಗಾರಪೇಟೆಯಿಂದ ಟ್ರೈನ್ ಹತ್ತಿದರೆ ಮೆಜೆಸ್ಟಿಕ್, ಅಲ್ಲಿಂದ ಸಿಟಿ ಬಸ್ಸು.

ಕನ್ನಡಕದ ಅಂಗಡಿಯವರು ಇದನ್ನ ಓದಿ ಬೈಕೊಳ್ಳಬಹುದು. ಬೈಕೊಳ್ಳಲಿ. ಬೋರ್ಡ್ ಬದಲಾಯಿಸಿ ಬೈದರೆ ಇನ್ನೂ ಸಂತೋಷ. :-) ನಿಮ್ಮ ಊರಿನ ಶಿಬಿರದಲ್ಲಿ ಹನಿ ಹಾಕಿ ನೋಡ್ತಾರಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ವರ್ಷದಲ್ಲಿ ಎರಡು ಸಲ ನಂಬರ್ ಬದಲಾಗಿದೆಯಾ? ಏನಂತೀರಾ, ಬರೀರಿ. ಆದರೆ ಮೊದಲು ಎದ್ದು ಹೋಗಿ ಆ ಕ್ಯಾಲೆಂಡರ್ ನೋಡಿ ಬನ್ನಿ.